ಅಡಿಕೆ ಒಣಗಿಸುವ ಪಾಲಿಹೌಸಿನಲ್ಲಿ ಹಲಸಿನ ಹಲಗೆ ಒಣಗಿಸಬಹುದೇ?

ಪ್ರಶ್ನೆ (ಹೊಸನಗರದಿಂದ)

ಹೋದ ಮಳೆಗಾಲದಲ್ಲಿ ಮನೆ ಹಿಂದಿನ ಹಲಸಿನ ಮರ ಬಿತ್ತು. ಅಜ್ಜ ನೆಟ್ಟದ್ದು, ಸೌದೆ ಮಾಡಲು ಮನಸ್ಸು ಬರಲಿಲ್ಲ. ಸಾಮಿಲ್ಲಿನಲ್ಲಿ ಒಂದಿಂಚಿನ ಹಲಗೆ ಕೊಯ್ಸಿದೆ, ಸುಮಾರು 60 ಘನ ಅಡಿ. ಮಗಳ ಹೊಸ ಮನೆಗೆ ಬಾಗಿಲು, ಮಂಚ ಮಾಡಿಸುವ ಆಸೆ. ಅಟ್ಟದಲ್ಲಿಟ್ಟ ನಾಲ್ಕು ಹಲಗೆಗಳ ಬಿಳಿ ಭಾಗದಿಂದ ಈಗಲೇ ಕುಟ್ಟೆ ಪುಡಿ ಉದುರುತ್ತಿದೆ. ಫೆಬ್ರವರಿ ಕಳೆದರೆ ಪಾಲಿಹೌಸ್ ಖಾಲಿ. ಅದರಲ್ಲಿಟ್ಟರೆ ಒಣಗಿ, ಹುಳವೂ ಸಾಯುತ್ತದಾ?

ಉತ್ತರ (ಸಾಗರ, ಮರಗೆಲಸ)

ಆಗುತ್ತದೆ ಅಣ್ಣ, ಆದರೆ ಅಡಿಕೆ ಹರವಿದ ಹಾಗೆ ಹರವಬೇಡಿ. ನಾನು ಒಮ್ಮೆ ಹಸಿ ಮಾವಿನ ಹಲಗೆಗಳನ್ನು ಮಾರ್ಚ್ ಬಿಸಿಲಿಗೆ ನೇರ ಒಡ್ಡಿದ್ದೆ. ವಾರದೊಳಗೆ ತುದಿಗಳು ಗೇಣುದ್ದ ಸೀಳಿದವು. ಹೊರಮೈ ಒಣಗಿ ಕುಗ್ಗಿತು, ಒಳಗಿನ ಹಸಿ ಕುಗ್ಗಲಿಲ್ಲ. ಅಷ್ಟು ಮರ ಹಾಳಾದ ನೋವು ಇನ್ನೂ ಇದೆ.

ಈಗ ಹೀಗೆ ಮಾಡುತ್ತೇನೆ. ಹಲಗೆಯ ಎರಡೂ ತುದಿಗೆ ಪೇಂಟ್ ದಪ್ಪಗೆ ಬಳಿಯುತ್ತೇನೆ. ಸಾಲಿನ ಮೇಲೊಂದು ಸಾಲು, ನಡುವೆ ಒಂದಿಂಚಿನ ರೀಪು, ಎಲ್ಲ ರೀಪೂ ಒಂದರ ಮೇಲೊಂದು ನೇರ. ಅಟ್ಟಿಯ ಮೇಲೆ ಕಪ್ಪು ಬಳಿದ ತಗಡು. ಬಿಸಿಲು ತಗಡಿಗೆ ಬೀಳಬೇಕು, ಹಲಗೆಗಲ್ಲ. ತಗಡಿನ ಮೇಲೆ ಕಾದ ಗಾಳಿಯನ್ನು ಫ್ಯಾನ್ ರೀಪಿನ ಸಂದಿಗಳಲ್ಲಿ ಹಾಯಿಸುತ್ತದೆ. ಒಂದು ಘನ ಅಡಿ ಹಲಗೆಗೆ 1.2 ಚದರ ಅಡಿ ತಗಡು ಸಾಕು, ನಿಮಗೆ 72. ಹೆಚ್ಚಾದರೆ ಹಸಿ ಮರ ಬೇಗ ಒಣಗಿ ಸೀಳುತ್ತದೆ. ರಾತ್ರಿ ಫ್ಯಾನ್ ನಿಲ್ಲಿಸಿ. ಅಡಿಕೆಗೆ ಬೇಡದ ಆ ರಾತ್ರಿಯ ತೇವವೇ ಹಲಗೆಯ ಹೊರಮೈಯ ಬಿಗಿ ಸಡಿಲಿಸುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಮಧ್ಯಾಹ್ನ ಒಳಗಿನ ಥರ್ಮಾಮೀಟರ್ 58 ಡಿಗ್ರಿ ತೋರಿಸುತ್ತದೆ. ಹುಳಕ್ಕೆ ಅಷ್ಟು ಸಾಲದೇ?

ಉತ್ತರ (ಸಾಗರ)

ಅದು ಗಾಳಿಯ ಬಿಸಿ. ಹೊರದೇಶಕ್ಕೆ ಹೋಗುವ ಮರದ ಪೆಟ್ಟಿಗೆಗಳಿಗೆ ಐಎಸ್‌ಪಿಎಂ 15 ಎಂಬ ನಿಯಮವಿದೆ: ಮರದ ಒಳಗೇ 56 ಡಿಗ್ರಿ, ಬಿಡದೆ 30 ನಿಮಿಷ. ಹಸಿ ಹಲಗೆಯಲ್ಲಿ ಬಿಸಿಯೆಲ್ಲ ನೀರು ಆರಿಸುವುದಕ್ಕೇ ಹೋಗುತ್ತದೆ, ಒಳಗೆ ತಣ್ಣಗೇ ಇರುತ್ತದೆ. ಅದಕ್ಕೆ ಮೊದಲು ಪೂರ್ತಿ ಒಣಗಿಸಿ. ಆಮೇಲೆ ಮೋಡವಿಲ್ಲದ ದಿನ ಕಿಂಡಿಗಳನ್ನೆಲ್ಲ ಮುಚ್ಚಿ. ಅಟ್ಟಿಯ ನಡುವಿನ ದಪ್ಪ ಹಲಗೆಗೆ ತೂತು ಕೊರೆದು ಥರ್ಮಾಮೀಟರಿನ ಕಡ್ಡಿ ಇಳಿಸಿ, ಬಾಯಿಗೆ ಪುಟ್ಟಿ ಮೆತ್ತಿ ನೋಡಿ. 56 ಮುಟ್ಟದಿದ್ದರೆ ಅಟ್ಟಿ ಚಿಕ್ಕದು ಮಾಡಿ ಮತ್ತೊಂದು ದಿನ ಕಾಯಿಸಿ.

ಬಿಸಿಯು ಈಗ ಒಳಗಿರುವ ಹುಳವನ್ನು ಕೊಲ್ಲುತ್ತದೆ, ಮುಂದೆ ಬರುವುದನ್ನು ತಡೆಯುವುದಿಲ್ಲ. ಮಂಚಕ್ಕೆ ಬಿಳಿ ಭಾಗ ತೆಗೆದು ಕೆಚ್ಚು ಮಾತ್ರ ಬಳಸಿ.

ಉತ್ತರ (ಬೆಂಗಳೂರಿನಿಂದ)

ಒಣಗಿದ್ದನ್ನು ಕೈಮುಟ್ಟಿ ನಿರ್ಧರಿಸಬೇಡಿ. ತುದಿ ಬಿಟ್ಟು ಹಲಗೆಯ ನಡುವಿನಿಂದ ತುಂಡು ಕೊಯ್ದು ತೂಗಿ. ಓವನ್ನಿನಲ್ಲಿ 103 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟು ಮತ್ತೆ ತೂಗಿ. ಕಳೆದ ತೂಕವನ್ನು ಒಣ ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ತೇವಾಂಶ. ಮಗಳ ಮನೆ ಯಾವ ಊರಲ್ಲಿ?

ಪ್ರಶ್ನೆ ಕೇಳಿದವರು

ಬಳ್ಳಾರಿ.

ಉತ್ತರ (ಬೆಂಗಳೂರಿನಿಂದ)

ಹಾಗಾದರೆ ಶೇ. 10ರ ಆಸುಪಾಸಿಗೆ ಇಳಿಸಿ. ಹೊಸನಗರದ ಹವೆಗೆ ಸರಿಹೋದ ಬಾಗಿಲು ಅಲ್ಲಿ ಕುಗ್ಗಿ ಸಂದಿ ಬಿಡುತ್ತದೆ. ಜೂನ್ ಮಳೆಗೆ ಮೊದಲೇ ಹಲಗೆ ಬಳ್ಳಾರಿ ಸೇರಲಿ, ಕೆಲಸ ಅಲ್ಲೇ ಮಾಡಿಸಿ.