2147483647 ಅವಿಭಾಜ್ಯ ಸಂಖ್ಯೆನಾ?

ನಮ್ದು ಸಕಲೇಶಪುರ. ನಿನ್ನೆ ಅಂಗಡಿ ಕಂಪ್ಯೂಟರ್‌ನಲ್ಲಿ ಕಾಳುಮೆಣಸಿನ ಸ್ಟಾಕ್ 2147483647 ಕೆ.ಜಿ. ಅಂತ ಬಂತು. ಇರೋದು ಮೂರೇ ಮೂಟೆ! ಮಗಳು ನೋಡಿ ‘ಅಪ್ಪಾ, ಇದು ಅವಿಭಾಜ್ಯ’ ಅಂದ್ಲು. 3, 7, 11 ಅಂತ ಭಾಗಿಸಿ ಭಾಗಿಸಿ ಸಾಕಾಯ್ತು. ಎಲ್ಲಿವರೆಗೆ ಹೋಗ್ಬೇಕು?

ಉತ್ತರ: ವರ್ಗಮೂಲದವರೆಗೆ, ಅಂದ್ರೆ 46340. ಅದೂ ಎಲ್ಲಾ ಬೇಡ ಅಣ್ಣಾ. ಇದು 2ರ 31ನೇ ಘಾತದಲ್ಲಿ 1 ಕಳೆದದ್ದು. ಇದನ್ನ ಭಾಗಿಸೋ ಅವಿಭಾಜ್ಯ ಇದ್ರೆ, ಅದನ್ನ 248ರಿಂದ ಭಾಗಿಸಿದಾಗ ಶೇಷ 1 ಇಲ್ಲಾ 63 ಬರ್ಲೇಬೇಕು. ಗಣಿತಜ್ಞ ಆಯ್ಲರ್ 1772ರಲ್ಲಿ ಇದು ಅವಿಭಾಜ್ಯವೇ ಅಂತ ಕೈಲೆಕ್ಕದಲ್ಲೇ ತೋರಿಸಿ ಮುಗಿಸಿದ್ದು ಈ ಜರಡಿಯಿಂದ. 311ರಿಂದ ಶುರು ಮಾಡಿ.

ಉತ್ತರ: ಆ ಸ್ಟಾಕ್ ಸಂಖ್ಯೆಗೆ ಕಂಪ್ಯೂಟರ್ ಇಟ್ಟಿರೋದು 32 ಬಿಟ್, ಅಂದ್ರೆ 0 ಇಲ್ಲಾ 1 ಕೂರೋ 32 ಮನೆ. ಅದ್ರಲ್ಲಿ ಒಂದು ಪ್ಲಸ್-ಮೈನಸ್ ಚಿಹ್ನೆಗೆ ಹೋಯ್ತು, ಉಳಿದ 31ರಲ್ಲೂ 1 ಕೂತಿದೆ. ತುಂಬಿರೋದು ಕಂಪ್ಯೂಟರ್ ಡಬ್ಬಿ, ನಿಮ್ಮ ಗೋಡೌನ್ ಅಲ್ಲ.

ಕೇಳಿದವರು: 311ಕ್ಕೆ ಶೇಷ 35. ಮುಂದಿನದು ಸೀದಾ 1303 ಅಂತೆ, ಮಗಳ ಲೆಕ್ಕ. ಬಾಗಿಲು ಹಾಕ್ಕೊಂಡು ಕೂರ್ತೀವಿ.