ಹಳೇ ಝಡ್4: 90 ದಾಟಿದರೆ ನಡುಕ, ರನ್‌ಫ್ಲಾಟ್ ತೆಗೆಸಿ ಮಾಮೂಲಿ ಟೈರ್ ಹಾಕಿಸಬಹುದಾ?

ಬೋಗಾದಿ ಸವಾರ, ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಬಿಎಂಡಬ್ಲ್ಯು ಝಡ್4, ಇ89 ಮಾಡೆಲ್, ರೂಫ್ ಮಡಚಿ ಡಿಕ್ಕಿಗೆ ಹೋಗೋ ಎರಡು ಸೀಟಿನ ಗಾಡಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. 18 ಇಂಚಿನ ಅಲಾಯ್, ಟೈರ್ ಸೈಜ್ ಮುಂದೆ 225/40, ಹಿಂದೆ 255/35 (ಮೊದಲನೆಯದು ಮಿ.ಮೀ.ನಲ್ಲಿ ಅಗಲ, ಎರಡನೆಯದು ಪಕ್ಕದ ಎತ್ತರ ಆ ಅಗಲದ ಶೇಕಡಾ ಎಷ್ಟು ಅಂತ). ನಾಲ್ಕೂ ರನ್‌ಫ್ಲಾಟ್, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡೋ ಟೈರ್. ಹಿಂದಿನ ಟೈರ್‌ಗಳ ಮೇಲೆ ತಯಾರಿಕೆಯ ಡಿಒಟಿ ಕೋಡ್‌ನ ಕೊನೆಯಲ್ಲಿ 2316 ಅಂತಿದೆ. ಗ್ರಿಪ್ ಇನ್ನೂ ಸುಮಾರಾಗಿ ಉಳಿದಿದೆ.

ಮಂಡ್ಯ ಕಡೆ ಹೈವೇಯಲ್ಲಿ 90 ದಾಟಿದ ಕೂಡಲೇ ಸೀಟಿನ ಕೆಳಗೆ ನಡುಕ ಶುರುವಾಗುತ್ತೆ. ಸ್ಟೀರಿಂಗ್ ಅಷ್ಟಾಗಿ ಅಲ್ಲಾಡಲ್ಲ. ಸೇತುವೆಯ ಜಾಯಿಂಟ್ ಮೇಲೆ ಹೋದರೆ ಧಡ್ ಅಂತ ಬೆನ್ನಿಗೆ ಹೊಡೆತ. ರಸ್ತೆ ಸವೆದು ಗಾಲಿ ಜಾಡು ಬಿದ್ದಿರೋ ಕಡೆ ಗಾಡಿ ಅದೇ ಜಾಡು ಹಿಡಿದು ಪಕ್ಕಕ್ಕೆ ಎಳೆಯುತ್ತೆ. ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಿಲ್ಲ.

ಅಂಗಡಿಗಳಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬರು ಈ ರಿಮ್‌ಗೆ ಮಾಮೂಲಿ ಟೈರ್ ಕೂರೋದೇ ಇಲ್ಲ ಅಂತಾರೆ. ಇನ್ನೊಬ್ಬರು 255/35 ಸಿಗೋದು ಕಷ್ಟ, ಹಿಂದೆ 245/40 ಹಾಕ್ಕೊಳ್ಳಿ, ಏನೂ ಆಗಲ್ಲ ಅಂತಾರೆ. ಗಾಡಿಯಲ್ಲಿ ಸ್ಪೇರ್ ವೀಲ್ ಇಲ್ಲ, ಜ್ಯಾಕ್ ಕೂಡ ಇಲ್ಲ. ಊರಿಗೆ ಹೋಗಿ ರಾತ್ರಿ ಹೊತ್ತು ವಾಪಸ್ ಬರೋದು ನನಗೆ ರೂಢಿ. ಏನು ಮಾಡಲಿ ಹೇಳಿ.

ಮೇಟಗಳ್ಳಿ ಟೈರ್ ಕೈ

ಸರ್, ಟೈರ್ ಆರ್ಡರ್ ಮಾಡೋ ಮೊದಲು ಹಿಂದಿನ ಎರಡು ರಿಮ್ ಬಿಚ್ಚಿಸಿ ನೋಡಿ. ನಡುಕ ಸೀಟಿಗೆ ಬರುತ್ತಿದೆ ಅಂದರೆ ಬಹುಮಟ್ಟಿಗೆ ಹಿಂದಿನ ಚಕ್ರದ್ದು. ಮುಂದಿನದಾಗಿದ್ದರೆ ಸ್ಟೀರಿಂಗ್ ಹಿಡಿದ ಕೈಗೇ ಗೊತ್ತಾಗುತ್ತಿತ್ತು. ಬ್ಯಾಲೆನ್ಸಿಂಗ್ ಆದ ಮೇಲೂ ಹಾಗೇ ಇದೆ ಅಂದರೆ ರಿಮ್ ಬೆಂಡ್ ಆಗಿರಬೇಕು, ಇಲ್ಲವೇ ಟೈರ್ ಗುಂಡಗೆ ಉಳಿದಿಲ್ಲ. ಗಾಡಿ ತುಂಬಾ ದಿನ ಒಂದೇ ಕಡೆ ನಿಂತಿದ್ದರೂ ನಡುಕ ಬರುತ್ತೆ. ಆದರೆ ಅದು ಸ್ವಲ್ಪ ದೂರ ಓಡಿ ಟೈರ್ ಬಿಸಿಯಾದ ಮೇಲೆ ಸಾಮಾನ್ಯವಾಗಿ ಕಡಿಮೆಯಾಗುತ್ತೆ. ಶ್ರೀರಂಗಪಟ್ಟಣ ದಾಟಿದ ಮೇಲೂ ಅಷ್ಟೇ ಇದ್ದರೆ ರಿಮ್ ಕಡೆಗೇ ನನ್ನ ಅನುಮಾನ.

ರನ್‌ಫ್ಲಾಟ್‌ನ ಸೈಡ್‌ವಾಲ್ (ಟೈರ್‌ನ ಪಕ್ಕದ ಗೋಡೆ) ಒಳಗೆ ದಪ್ಪ ರಬ್ಬರ್ ತುಂಬಿರುತ್ತಾರೆ. ಗಾಳಿ ಪೂರ್ತಿ ಹೋದರೂ ಅದು ಗಾಡಿಯ ಭಾರ ಹೊರುತ್ತೆ. 80 ಕಿ.ಮೀ. ವೇಗ ಮೀರದೆ 80 ಕಿ.ಮೀ. ದೂರ ಹೋಗಬಹುದು ಅನ್ನೋದು ಸಾಮಾನ್ಯ ಲೆಕ್ಕ. ಆದರೆ ಗುಂಡಿಗೆ ಬಿದ್ದಾಗ ಆ ಗಟ್ಟಿ ಸೈಡ್‌ವಾಲ್ ಹೊಡೆತವನ್ನು ನೇರವಾಗಿ ರಿಮ್‌ಗೆ ದಾಟಿಸುತ್ತೆ. ನಿಮ್ಮ ಹಿಂದಿನ ಟೈರ್‌ನಲ್ಲಿ ಸೈಡ್‌ವಾಲ್ ಎತ್ತರ ಬರೀ 89 ಮಿ.ಮೀ. ಬೆಂಡ್ ಆಗೋದು ಜಾಸ್ತಿ ಒಳಗಿನ ಅಂಚು. ಗಾಡಿ ಪಕ್ಕ ನಿಂತು ನೋಡಿದರೆ ಕಾಣಲ್ಲ.

ಟೈರ್ ಬಿಚ್ಚಿಸಿ, ಬರೀ ರಿಮ್ಮನ್ನು ಬ್ಯಾಲೆನ್ಸಿಂಗ್ ಮಷಿನ್‌ಗೆ ಹಾಕಿ ನಿಧಾನವಾಗಿ ತಿರುಗಿಸೋಕೆ ಹೇಳಿ. ಒಳ ಅಂಚಿನ ಹತ್ತಿರ ಸ್ಕ್ರೂಡ್ರೈವರ್ ತುದಿಯನ್ನು ಅಲ್ಲಾಡದಂತೆ ಹಿಡಿಯಲಿ. ರಿಮ್ ಸರಿಯಿದ್ದರೆ ಸಂದು ಒಂದೇ ಸಮ ಇರುತ್ತೆ. ಬೆಂಡ್ ಇದ್ದರೆ ಒಂದು ಕಡೆ ತುದಿಗೆ ತಗಲುತ್ತೆ, ಇನ್ನೊಂದು ಕಡೆ ದೂರ ಸರಿಯುತ್ತೆ. ಆಮೇಲೆ ಒಳಗಿನ ಬ್ರೇಕ್ ಧೂಳು ಒರೆಸಿ, ಟಾರ್ಚ್ ಹಿಡಿದು ಕೂದಲೆಳೆ ಬಿರುಕು ಇದೆಯಾ ನೋಡಿ. ಸಣ್ಣ ಬೆಂಡ್ ಆದರೆ ಒಳ್ಳೆ ಕಡೆ ನೇರ ಮಾಡಿಸಬಹುದು. ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಆಸೆ ಬೇಡ, ಆ ರಿಮ್ ಬದಲಿಸಿ. ಟೈರ್ ಒಳಗೂ ಕೈ ಆಡಿಸಿ ನೋಡಿ. ಕಪ್ಪು ರಬ್ಬರ್ ಪುಡಿ ಸಿಕ್ಕರೆ ಅದು ಯಾವಾಗಲೋ ಗಾಳಿ ಇಲ್ಲದೆ ಓಡಿದ್ದು.

ಟೈರ್ ಅಂತೂ ಬದಲಿಸಲೇಬೇಕು. 2316 ಅಂದರೆ 2016ರ 23ನೇ ವಾರ, ಜೂನ್ ತಿಂಗಳು. ಹೆಚ್ಚೆಂದರೆ ಆರು ವರ್ಷಕ್ಕೆ ಬದಲಿಸಿ ಅಂತ ಬಿಎಂಡಬ್ಲ್ಯು ಕಂಪನಿಯದೇ ಸಲಹೆ ಇದೆ. ಗ್ರಿಪ್ ಉಳಿದರೂ ರಬ್ಬರ್ ಗಟ್ಟಿಯಾಗಿರುತ್ತೆ. ಮಳೆಯಲ್ಲಿ ಬ್ರೇಕ್ ಹಾಕಿದಾಗ ಅದು ಗೊತ್ತಾಗುತ್ತೆ.

ಈ ರಿಮ್‌ಗೆ ಮಾಮೂಲಿ ಟ್ಯೂಬ್‌ಲೆಸ್ ಟೈರ್ ಆರಾಮಾಗಿ ಕೂರುತ್ತೆ. ರನ್‌ಫ್ಲಾಟ್‌ಗೆ ಮಾಡಿದ ರಿಮ್‌ನಲ್ಲಿ ಟೈರ್ ಅಂಚು ಒಳಗೆ ಜಾರದ ಹಾಗೆ ಉಬ್ಬು ಸ್ವಲ್ಪ ಹೆಚ್ಚಿರುತ್ತೆ, ಅಷ್ಟೇ ವ್ಯತ್ಯಾಸ. ಆದರೆ ನಾಲ್ಕೂ ಒಂದೇ ಜಾತಿ ಇರಲಿ. ಮುಂದೆ ರನ್‌ಫ್ಲಾಟ್, ಹಿಂದೆ ಮಾಮೂಲಿ ಅಂತ ಬೆರೆಸಬೇಡಿ, ಗಾಡಿ ತಿರುವಿನಲ್ಲಿ ಎರಡು ಥರ ನಡೆದುಕೊಳ್ಳುತ್ತೆ.

245/40 ಮಾತ್ರ ಖಂಡಿತ ಬೇಡ. 225/40ರ ಒಟ್ಟು ಎತ್ತರ ಸುಮಾರು 637 ಮಿ.ಮೀ., 255/35ರದು ಸುಮಾರು 636. ಕಂಪನಿಯವರು ಬೇಕಂತಲೇ ಹಾಗೆ ಹೊಂದಿಸಿದ್ದಾರೆ. 245/40 ಹಾಕಿದರೆ ಹಿಂದಿನದು 653 ಆಗುತ್ತೆ. ಮುಂದಿನ ಚಕ್ರ ಹಿಂದಿನದಕ್ಕಿಂತ ಸದಾ ಜೋರಾಗಿ ತಿರುಗುತ್ತಿದೆ ಅಂತ ಎಬಿಎಸ್ ಸೆನ್ಸರ್‌ಗಳು ಓದುತ್ತವೆ. ಗಾಡಿ ಜಾರದಂತೆ ತಡೆಯೋ ವ್ಯವಸ್ಥೆ ಕೆಲಸ ಮಾಡೋದು ಅದೇ ಲೆಕ್ಕದ ಮೇಲೆ. 255/35 ತರಿಸೋಕೆ ನಾಲ್ಕು ದಿನ ಜಾಸ್ತಿ ಆದರೂ ಕಾಯಿರಿ. ಸೈಜ್ ಪಕ್ಕದಲ್ಲಿರೋ ಲೋಡ್ ನಂಬರ್ (ಎಷ್ಟು ಭಾರ ತಡೆಯುತ್ತೆ) ಮತ್ತು ಸ್ಪೀಡ್ ಅಕ್ಷರ (ಎಷ್ಟು ವೇಗ ತಡೆಯುತ್ತೆ) ಈಗಿರೋದಕ್ಕಿಂತ ಕಡಿಮೆ ಇರಬಾರದು.

ಮಂಡ್ಯ ಕಬ್ಬಿನ ಹಾದಿ

ಮೇಲೆ ಹೇಳಿದ್ದೆಲ್ಲಾ ಸರಿ ಅಣ್ಣ. ನಾನು ಪಂಚರ್ ವಿಷಯ ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆ ಅದೇ ದೊಡ್ಡದು.

ಕಬ್ಬು ಸಾಗಿಸೋ ಕಾಲದಲ್ಲಿ ಸರ್ವಿಸ್ ರಸ್ತೆ ತುಂಬಾ ಟ್ರ್ಯಾಕ್ಟರ್. ಟ್ರೈಲರ್‌ನಿಂದ ಬೋಲ್ಟು, ತಂತಿ, ಮೊಳೆ ಬೀಳ್ತಾನೇ ಇರುತ್ತೆ. ರನ್‌ಫ್ಲಾಟ್ ಇದ್ದರೆ ಮದ್ದೂರಲ್ಲಿ ಪಂಚರ್ ಆದರೂ ನಿಧಾನವಾಗಿ ಮೈಸೂರು ಸೇರಬಹುದು. ಮಾಮೂಲಿ ಟೈರ್‌ಗೆ ಆ ಅನುಕೂಲ ಇಲ್ಲ, ಅದನ್ನ ಮೊದಲೇ ಒಪ್ಕೋಬೇಕು. ಗಾಡಿಯಲ್ಲಿ 12 ವೋಲ್ಟ್ ಕಂಪ್ರೆಸರ್, ಸೀಲೆಂಟ್ ಬಾಟಲಿ (ಟೈರ್ ಒಳಗೆ ಬಿಟ್ಟರೆ ತೂತು ಮುಚ್ಚೋ ದ್ರವ), ತೂತಿಗೆ ರಬ್ಬರ್ ಸ್ಟ್ರಿಪ್ ತುರುಕೋ ಕಿಟ್, ಒಂದು ಒಳ್ಳೆ ಟಾರ್ಚ್ ಇರಲೇಬೇಕು. ಮೊಳೆ ಚುಚ್ಚಿದ್ದರೆ ಮೊದಲು ಸ್ಟ್ರಿಪ್. ಅದಾಗದಿದ್ದರೆ ಸೀಲೆಂಟ್. ಸೈಡ್‌ವಾಲ್ ಸೀಳಿದರೆ ಎರಡೂ ಕೆಲಸಕ್ಕೆ ಬರಲ್ಲ, ಟೋಯಿಂಗೇ ಗತಿ. ಗಾಡಿನ ಪೂರ್ತಿ ಮೇಲೆ ಹೊತ್ಕೊಂಡು ಹೋಗೋ ಫ್ಲಾಟ್‌ಬೆಡ್ ಕಳಿಸಿ ಅಂತಲೇ ಕೇಳಿ.

ಎಕ್ಸ್‌ಪ್ರೆಸ್‌ವೇ ಅಂಚಲ್ಲಿ, ಅದೂ ಕತ್ತಲಲ್ಲಿ, ಟ್ರಾಫಿಕ್ ಕಡೆಯ ಚಕ್ರದ ಪಕ್ಕ ದಯವಿಟ್ಟು ಕೂರಬೇಡಿ. ಟೈರ್ ಹಾಳಾದರೆ ಹಾಳಾಗಲಿ, ಮೆಲ್ಲಗೆ ಸರ್ವಿಸ್ ರಸ್ತೆಗೋ ಬಂಕ್‌ಗೋ ಇಳಿಸಿ.

ಇನ್ನೊಂದು ಮಾತು. ಪಂಚರ್ ಅಂಗಡಿಯಲ್ಲಿ ಜ್ಯಾಕನ್ನು ಎಲ್ಲೆಂದರಲ್ಲಿ ಕೊಡೋಕೆ ಬಿಡಬೇಡಿ. ನಿಮ್ಮ ಗಾಡಿ ಅಡಿಯಲ್ಲಿ ಜ್ಯಾಕ್ ಕೊಡೋಕೇ ರಬ್ಬರ್ ಪ್ಯಾಡ್ ಇರುತ್ತೆ, ಅಲ್ಲೇ ಕೊಡಬೇಕು. ಗಾಡಿ ತಗ್ಗು ಇರೋದ್ರಿಂದ ಟ್ರಾಲಿ ಜ್ಯಾಕ್ ಒಳಗೆ ಹೋಗಲ್ಲ. ಮೊದಲು ಹಲಗೆ ಮೇಲೆ ಹತ್ತಿಸಿ.

ಬೋಗಾದಿ ಸವಾರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬಿಚ್ಚಿಸಿ ನೋಡಿದ್ದಾಯ್ತು. ಎಡಗಡೆ ಹಿಂದಿನ ರಿಮ್‌ನ ಒಳ ಅಂಚು ಒಂದು ಗೇಣಿನಷ್ಟು ಉದ್ದ ಮಡಚಿಕೊಂಡಿದೆ, ಬಿರುಕು ಇಲ್ಲ. ಬಲಗಡೆಯದು ಸರಿಯಿದೆ. ಹಿಂದಿನ ಎರಡು ಟೈರ್‌ನಲ್ಲೂ ಒಳಭಾಗದ ಗ್ರಿಪ್ ಜಾಸ್ತಿ ಸವೆದಿದೆ. ರಿಮ್ ನೇರ ಮಾಡೋಕೆ ಕೊಟ್ಟಿದ್ದೀನಿ. ಅದೇ ಸೈಜಿನ ಮಾಮೂಲಿ ಟೈರ್ ನಾಲ್ಕು ಆರ್ಡರ್ ಮಾಡಿದ್ದೀನಿ. ಹಾಕಿಸೋ ದಿನ ಏನೇನು ಗಮನಿಸಬೇಕು?

ಮೇಟಗಳ್ಳಿ ಟೈರ್ ಕೈ

ಖುಷಿಯಾಯ್ತು ಸರ್. ಒಳಭಾಗ ಸವೆದಿರೋದಕ್ಕೆ ಅಲೈನ್‌ಮೆಂಟ್ ಕಾರಣ. ಗಾಡಿ ಜಾಡು ಹಿಡಿದು ಎಳೆಯೋದರಲ್ಲೂ ಅದರ ಪಾಲಿದೆ. ಟೈರ್ ಹಾಕಿದ ದಿನವೇ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿ. ಮುಂದಿನದು ಮಾತ್ರ ಮಾಡಿ ಕಳಿಸೋರಿದ್ದಾರೆ, ಹಿಂದಿನ ಟೋ (ಚಕ್ರ ಒಳಗೆ-ಹೊರಗೆ ತಿರುಗಿರೋ ಕೋನ), ಕ್ಯಾಂಬರ್ (ಚಕ್ರ ವಾಲಿರೋ ಕೋನ) ರೀಡಿಂಗ್ ಪ್ರಿಂಟ್ ಕೇಳಿ ತಗೊಳ್ಳಿ.

ವಿಕ್ರಾಂತ್ ಟೈರ್ ಹುಟ್ಟಿದ ಊರು ನಮ್ಮದು, ಟೈರ್ ಗೊತ್ತಿರೋ ಕೈಗಳಿಗೆ ಇಲ್ಲಿ ಬರ ಇಲ್ಲ. ಆದರೂ ರನ್‌ಫ್ಲಾಟ್ ಬಿಚ್ಚೋಕೆ ಸೈಡ್‌ವಾಲ್ ಒತ್ತಿ ಹಿಡಿಯೋ ಹೆಚ್ಚುವರಿ ತೋಳು ಇರೋ ಮಷಿನ್ ಬೇಕು. ಲಿವರ್ ಹಾಕಿ ಎಬ್ಬಿಸಿದರೆ ಅಲಾಯ್ ಅಂಚು ಕೆತ್ತಿಹೋಗುತ್ತೆ. ವಾಲ್ವ್ ಲೋಹದ್ದಾಗಿದ್ದರೆ ಒಳಗೆ ಪ್ರೆಷರ್ ಸೆನ್ಸರ್ ಇರಬಹುದು, ಬಿಚ್ಚೋ ಮೊದಲೇ ಹೇಳಿ. ರಬ್ಬರ್ ವಾಲ್ವ್ ಆದರೆ ನಾಲ್ಕೂ ಹೊಸದು ಹಾಕಿಸಿ.

ವೀಲ್ ಬೋಲ್ಟನ್ನು ಏರ್ ಗನ್‌ನಲ್ಲಿ ಬಿಗಿಯೋದು ಬೇಡ. ಹಬ್ ಮೇಲಿನ ತುಕ್ಕು ಉಜ್ಜಿ ತೆಗೆದು, ಟಾರ್ಕ್ ರೆಂಚ್‌ನಲ್ಲಿ 120 ನ್ಯೂಟನ್ ಮೀಟರ್‌ಗೆ ಬಿಗಿಯಲಿ. ಲಾಕ್ ಬೋಲ್ಟ್ ಇದ್ದರೆ ಅದರ ಕೀ ವಾಪಸ್ ಬಂತಾ ನೋಡಿಕೊಂಡೇ ಹೊರಡಿ.

ಗಾಳಿ ಎಷ್ಟು ಅನ್ನೋದು ಬಾಗಿಲ ಅಂಚಿನ ಸ್ಟಿಕ್ಕರ್‌ನಲ್ಲಿದೆ. ಟೈರ್ ತಣ್ಣಗಿರುವಾಗ ಅಷ್ಟು ಹಿಡಿಸಿ, ಆಮೇಲೆ ಮೆನುವಿನಲ್ಲಿ ಟೈರ್ ವಾರ್ನಿಂಗ್ ರೀಸೆಟ್ ಮಾಡಿ. ಸೆನ್ಸರ್ ಇಲ್ಲದ ಗಾಡಿಯಲ್ಲಿ ಈ ವಾರ್ನಿಂಗ್ ಚಕ್ರಗಳ ವೇಗ ಹೋಲಿಸಿ ಕೆಲಸ ಮಾಡುತ್ತೆ. ನಾಲ್ಕರಲ್ಲೂ ಒಂದೇ ಸಮ ಗಾಳಿ ಇಳಿದರೆ ಅದಕ್ಕೆ ಗೊತ್ತಾಗಲ್ಲ. ಹಾಗಾಗಿ ಒಂದು ಗೇಜ್ ಇಟ್ಟುಕೊಂಡು ಊರಿಗೆ ಹೊರಡೋ ಮೊದಲು ನೋಡಿ.

ಬೋಗಾದಿ ಸವಾರ

ಬರೆದುಕೊಂಡೆ ಸರ್. ಹಳೇದರಲ್ಲಿ ಮುಂದಿನ ಟೈರ್ ಒಂದು ಚೆನ್ನಾಗಿದೆ. ಸ್ಪೇರ್ ಅಂತ ಡಿಕ್ಕಿಯಲ್ಲಿ ಇಟ್ಟುಕೊಳ್ಳಲಾ?

ಮೇಟಗಳ್ಳಿ ಟೈರ್ ಕೈ

ಬೇಡ ಸರ್. ಅದೂ ಹಳೇದೇ. ಡಿಕ್ಕಿ ರೂಫ್ ಮುಚ್ಚಿದಾಗ 310 ಲೀಟರ್, ತೆಗೆದಾಗ 180 ಲೀಟರ್ ಅಷ್ಟೇ. ಅಲ್ಲಿ ಚಕ್ರ ಇಟ್ಟರೆ ರೂಫ್ ಮಡಚೋಕೆ ಜಾಗ ಇರಲ್ಲ. ಆ ಜಾಗಕ್ಕೆ ಕಂಪ್ರೆಸರ್ ಕಿಟ್ ಇಡಿ, ಸೀಲೆಂಟ್ ಬಾಟಲಿಯ ಎಕ್ಸ್‌ಪೈರಿ ತಾರೀಖು ನೋಡಿ ತಗೊಳ್ಳಿ.