ರೇಡಿಯೋ ‘ಹಚ್ಚೋದು’ ಯಾಕೆ? ಹಳೇ ಬ್ಯಾಟರಿ ಸೆಟ್ಟಿನಿಂದ ಎದ್ದ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಪ್ರಶ್ನೆ ‘ಹಚ್ಚು’ ಅನ್ನುವ ಪದದ ಬಗ್ಗೆ; ನಮ್ಮ ಗದಗ ಕಡೆ ರೇಡಿಯೋ ಆನ್ ಮಾಡೋದಕ್ಕೆ ಹಾಗನ್ನುತ್ತಾರೆ. ಆದರೆ ಅದು ತಲೆಗೆ ಹೊಕ್ಕಿದ್ದು ಒಂದು ರೇಡಿಯೋ ದೆಸೆಯಿಂದ, ಹಾಗಾಗಿ ಮೊದಲು ಸ್ವಲ್ಪ ಅದರ ಕಥೆ, ಬೇಜಾರು ಮಾಡ್ಕೋಬೇಡಿ.

ಗದಗದ ಹತ್ತಿರ ನಮ್ಮ ಊರಿನ ಮನೆಯ ಅಟ್ಟದಲ್ಲಿ ಅಜ್ಜನ ಬ್ಯಾಟರಿ ರೇಡಿಯೋ ಬಿದ್ದಿತ್ತು. ಊರಿಗೆ ಕರೆಂಟು ಬರುವ ಮುಂಚಿನದು. ಟ್ರಾನ್ಸಿಸ್ಟರ್ ಅಲ್ಲ, ಅದಕ್ಕೂ ಮುಂಚಿನ ನಾಲ್ಕು ವಾಲ್ವಿನ (ಬಲ್ಬಿನಂಥ ಗಾಜಿನ ಕೊಳವೆಯ) ಸೆಟ್ಟು. ಹೋದ ವರ್ಷ ಮೈಸೂರಿಗೆ ತಂದು ರಿಪೇರಿಗೆ ಕೂತೆ. ಇದಕ್ಕೆ ಎರಡು ಥರದ ಬ್ಯಾಟರಿ ಬೇಕು: ವಾಲ್ವಿನ ಒಳಗಿನ ತಂತಿ ಕಾಯಿಸೋಕೆ 1.5 ವೋಲ್ಟಿನದು, ಉಳಿದ ಕೆಲಸಕ್ಕೆ 90 ವೋಲ್ಟಿನದು. 90 ವೋಲ್ಟಿನ ಪ್ಯಾಕು ಈಗ ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ. ಅದಕ್ಕೇ 9 ವೋಲ್ಟಿನ ಚೌಕ ಬ್ಯಾಟರಿ ಹತ್ತು ತಂದು, ಒಂದರ ಬಾಯಿಗೆ ಒಂದು ಸಿಕ್ಕಿಸಿ ಸಾಲು ಮಾಡಿದೆ. ತಂತಿ ಕಾಯಿಸೋಕೆ ದಪ್ಪ ಸೆಲ್ಲು ಒಂದು. ಮೇಣ ಹಚ್ಚಿದ ಹಳೇ ಪೇಪರ್ ಕಂಡೆನ್ಸರ್‌ಗಳನ್ನೆಲ್ಲ (ಬ್ಯಾಟರಿಯ ನೇರ ಕರೆಂಟನ್ನು ತಡೆಯುವ ಬಿಡಿಭಾಗ) ಕಿತ್ತು ಹೊಸದು ಹಾಕಿದೆ. ಹಳೆಯದಾದರೆ ಅವುಗಳೊಳಗಿಂದ ಕರೆಂಟು ಸೋರುತ್ತದೆ, ಕೊನೆಯ ವಾಲ್ವಿನ ಗ್ರಿಡ್ಡಿಗೆ (ವಾಲ್ವಿನ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿ) ಸೋರಿದರಂತೂ ಆ ವಾಲ್ವು ಬ್ಯಾಟರಿಯನ್ನು ಗಟಗಟ ಕುಡಿದುಬಿಡುತ್ತದೆ. ಇನ್ನೊಂದು ಭಯ ಬೇರೆ: ಅಪ್ಪಿತಪ್ಪಿ 90 ವೋಲ್ಟು 1.5ರ ಪಿನ್ನಿಗೆ ತಾಗಿತೋ, ನಾಲ್ಕೂ ವಾಲ್ವು ಒಟ್ಟಿಗೆ ಕೈಲಾಸ. ಹಾಗಾಗಿ ವಾಲ್ವುಗಳನ್ನು ಹೊರಗೇ ಇಟ್ಟು ಮೀಟರಿನಲ್ಲಿ ಮೂರು ಸಲ ನೋಡಿ, ಆಮೇಲೆ ಒಂದೊಂದೇ ಕೂರಿಸಿದೆ.

ಸರಿ, ಮುಹೂರ್ತ ಬಂತು. ಅಮ್ಮ ಗದಗದಿಂದ ಬಂದಿದ್ದರು, “ಹಚ್ಚಪಾ, ನೋಡೂಣು” ಅಂದರು. ನನ್ನ ಹೆಂಡತಿ ಮಂಡ್ಯದವಳು, “ಹಾಕ್ರೀ, ನೋಡಣ” ಅಂದಳು. ಹಚ್ಚಿದೆನೋ ಹಾಕಿದೆನೋ, ಅಂತೂ ಸ್ವಿಚ್ಚು ತಿರುಗಿಸಿದೆ. ಗೊರ ಗೊರ ಅಂತು, ಮುಳ್ಳು ಸರಿಸುತ್ತಾ ಹೋದಾಗ 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಸಿಕ್ಕಿತು. ಅಮ್ಮನಿಗೆ ಅಷ್ಟು ಖುಷಿ ಆಗಲಿಲ್ಲ. “ಧಾರವಾಡ ಹಿಡಿ” ಅಂದರು. ಅವರ ಪ್ರಕಾರ ರೇಡಿಯೋ ಅಂದರೆ ಧಾರವಾಡವೇ. 1950ರಿಂದ ಅಲ್ಲಿ ಆಕಾಶವಾಣಿ ಇದೆಯಲ್ಲ, ಬೆಂಗಳೂರು ಕೇಂದ್ರ ಅದಕ್ಕಿಂತ ಐದು ವರ್ಷ ಚಿಕ್ಕದು.

ಈಗ ಪ್ರಶ್ನೆ. ನಮ್ಮ ಕಡೆ ರೇಡಿಯೋ ‘ಹಚ್ಚು’ ಅನ್ನುವುದು ಯಾಕೆ?

ನಾನು ಇಷ್ಟು ದಿನ ನಂಬಿದ್ದು ಸುಲಭದ ಉತ್ತರ. ದೀಪ ಹಚ್ಚುತ್ತೇವೆ, ಹಳೇ ರೇಡಿಯೋ ಒಳಗೆ ವಾಲ್ವು ದೀಪದ ಥರ ಕೆಂಪಗೆ ಉರಿಯುತ್ತಿತ್ತು, ಅದಕ್ಕೇ ‘ಹಚ್ಚು’. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಈ ಸೆಟ್ಟು ಬಿಚ್ಚಿದ ಮೇಲೆ ಆ ನಂಬಿಕೆ ಅಲ್ಲಾಡಿತು. ಕೆಂಪಗೆ ಉರಿಯೋದು ಕರೆಂಟಿನ ವಾಲ್ವ್ ರೇಡಿಯೋದಲ್ಲಿ. ಬ್ಯಾಟರಿ ಸೆಟ್ಟಿನ ವಾಲ್ವುಗಳು 1.4 ವೋಲ್ಟಿನವು, 1.5ರ ಸೆಲ್ಲಿಗೇ ಕಾಯುತ್ತವೆ. ಇದರಲ್ಲಿರೋದು ಡಿಕೆ 91, ಡಿಎಫ್ 91, ಡಿಎಎಫ್ 91, ಡಿಎಲ್ 94. ಮೊದಲಿನ ‘ಡಿ’ ಅಕ್ಷರವೇ 1.4 ವೋಲ್ಟಿನ ತಂತಿ ಅನ್ನುವುದರ ಗುರುತು. ಕೂದಲಿಗಿಂತ ತೆಳು ತಂತಿ, ಕತ್ತಲಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಏನೋ ಒಂಚೂರು ಕೆಂಪು, ಅಷ್ಟೇ. ಡಯಲ್ ಹಿಂದೆ ಬಲ್ಬೂ ಇಲ್ಲ. ಟಾರ್ಚಿನ ಒಂದು ಬಲ್ಬು ಈ ನಾಲ್ಕೂ ವಾಲ್ವಿನ ತಂತಿಗಳಷ್ಟೇ ಕರೆಂಟು ತಿನ್ನುತ್ತದೆ, ಯಾರು ಕೊಡ್ತಾರೆ? ಅಂದರೆ ಅಜ್ಜನ ಮನೆಯಲ್ಲಿ ರೇಡಿಯೋ ಹಚ್ಚಿದಾಗ ಬೆಳಗಿದ್ದು ಏನೂ ಇಲ್ಲ.

(ನಡುವೆ ಒಂದು ಮಾತು. ಕರೆಂಟಿನ ಸೆಟ್ಟು ಹಾಕಿದರೆ ಅರ್ಧ ನಿಮಿಷ ಸುಮ್ನೆ ಕೂರಬೇಕು, ಅದು ಕಾಯುವ ತನಕ ನಾವೂ ಕಾಯಬೇಕು. ಎರಡು ಅರ್ಥದ ‘ಕಾಯು’ ಇಷ್ಟು ಚೆನ್ನಾಗಿ ಒಟ್ಟಿಗೆ ಕೂರುವ ಜಾಗ ನಾನು ಬೇರೆ ಕಂಡಿಲ್ಲ. ಬ್ಯಾಟರಿ ಸೆಟ್ಟಿನಲ್ಲಿ ಈ ಗೋಳಿಲ್ಲ, ತಿರುಗಿಸಿದ ಕೂಡಲೇ ಮಾತಾಡುತ್ತದೆ.)

ಇನ್ನೂ ಒಂದು ತಮಾಷೆ. ದೀಪದಿಂದ ಬಂದ ಮಾತಾಗಿದ್ದರೆ ನಿಲ್ಲಿಸುವಾಗ ‘ಆರಿಸು’ ಅನ್ನಬೇಕಿತ್ತು. ಅಮ್ಮ ಒಂದು ದಿನವೂ ರೇಡಿಯೋ ಆರಿಸು ಅಂದವರಲ್ಲ, ‘ಬಂದ್ ಮಾಡು’ ಅನ್ನುತ್ತಾರೆ. ಆದರೆ ನನ್ನ ಹೆಂಡತಿ ರೇಡಿಯೋ, ಟಿವಿ, ಫ್ಯಾನು ಎಲ್ಲವನ್ನೂ ‘ಆರಿಸು’ ಅನ್ನುತ್ತಾಳೆ. ಹಚ್ಚುವವರು ಆರಿಸೋದಿಲ್ಲ, ಆರಿಸುವವರು ಹಚ್ಚೋದಿಲ್ಲ!

ಅಮ್ಮ ಇನ್ನೊಂದು ವಿಷಯ ಹೇಳಿದರು. ಅಜ್ಜ ವಾರ್ತೆ ಮುಗಿದ ಕೂಡಲೇ ಬ್ಯಾಟರಿಯ ಪ್ಲಗ್ಗೇ ಕಿತ್ತಿಡುತ್ತಿದ್ದರಂತೆ, ಮಕ್ಕಳು ಹಾಡು ಕೇಳಿ ಬ್ಯಾಟರಿ ಕಳೆದಾರು ಅಂತ. ಮರುದಿನ ಮತ್ತೆ ಪ್ಲಗ್ಗು ಹಚ್ಚಬೇಕು. ಅಂದರೆ ಇಲ್ಲಿ ‘ಹಚ್ಚು’ ಅಂದರೆ ಜೋಡಿಸು, ತಾಗಿಸು. ಇದು ನನಗೆ ದೀಪಕ್ಕಿಂತ ಸರಿ ಅನ್ನಿಸಿತು. ಯಾಕೆಂದರೆ ‘ಹತ್ತು’, ‘ಹಚ್ಚು’ ಜೋಡಿ ಪದಗಳು. ಹತ್ತು ಅಂದರೆ ತಾನೇ ಅಂಟಿಕೊಳ್ಳೋದು, ಹಚ್ಚು ಅಂದರೆ ನಾವು ಅಂಟಿಸೋದು. ಬೆಂಕಿ ಹತ್ತಿತು, ಬೆಂಕಿ ಹಚ್ಚಿದೆ. ದೀಪದ ‘ಹಚ್ಚು’ ಕೂಡ ಮೂಲದಲ್ಲಿ ಬತ್ತಿಗೆ ಬೆಂಕಿ ತಾಗಿಸೋದೇ. ಎಣ್ಣೆ ಹಚ್ಚು, ಬಣ್ಣ ಹಚ್ಚು, ಮಕ್ಕಳನ್ನು ಓದಿಗೆ ಹಚ್ಚು, ಎಲ್ಲ ಒಂದೇ ಬಳ್ಳಿ.

ಆದರೂ ಒಂದು ತೊಡಕು ಉಳಿಯಿತು. ಎಣ್ಣೆ ಹಚ್ಚು, ದೀಪ ಹಚ್ಚು ಮಂಡ್ಯದಲ್ಲೂ ಇದೆ. ರೇಡಿಯೋ ಮಾತ್ರ ಅಲ್ಲಿ ಹಚ್ಚೋದಿಲ್ಲ. ನಮ್ಮ ಕಡೆ ಫೋನ್ ಹಚ್ಚುತ್ತೇವೆ, ಗಾಡಿಯನ್ನು ಗೋಡೆ ಪಕ್ಕ ಹಚ್ಚಿ ಬರುತ್ತೇವೆ, ಫ್ಯಾನೂ ಹಚ್ಚುತ್ತೇವೆ. ಇದನ್ನು ಪುಣೆಯ ಗೆಳೆಯನಿಗೆ ಹೇಳಿದೆ. ಅವನು ನಕ್ಕು, ಮರಾಠಿಯ ‘ಲಾವಣೆ’ (ನಮ್ಮ ‘ಹಚ್ಚು’ ಇದ್ದ ಹಾಗೆ) ಪಟ್ಟಿ ಒಪ್ಪಿಸಿದ: ದಿವಾ (ದೀಪ) ಲಾವ್, ತೇಲ್ (ಎಣ್ಣೆ) ಲಾವ್, ರೇಡಿಯೋ ಲಾವ್, ಫೋನ್ ಲಾವ್, ಗಾಡಿ ಲಾವ್. ಒಂದೂ ಬಿಟ್ಟುಹೋಗಿಲ್ಲ! ಧಾರವಾಡ ಸೀಮೆ 1956ರ ತನಕ ಮುಂಬೈ ಕಡೆಗೇ ಸೇರಿತ್ತು, ಕಚೇರಿ, ಪೇಟೆ, ನಾಟಕ ಎಲ್ಲದರಲ್ಲೂ ಮರಾಠಿ ಕಿವಿಗೆ ಬೀಳುತ್ತಿತ್ತು. ಹೊಸ ಸಾಮಾನು ಮನೆಗೆ ಬಂದಾಗ ಪಕ್ಕದವರು ‘ಲಾವ್’ ಅಂದಲ್ಲೆಲ್ಲ ನಾವು ನಮ್ಮದೇ ‘ಹಚ್ಚು’ ಇಟ್ಟುಕೊಂಡೆವೇನೋ. ಪದ ನಮ್ಮದು, ಅದು ಹಬ್ಬಿದ ದಾರಿ ಅವರದ್ದು. ಸದ್ಯಕ್ಕೆ ನನ್ನ ಒಲವು ಈ ಕಡೆ. ಅಜ್ಜನ ಪ್ಲಗ್ಗು ಬಿಡೋಕೆ ಮನಸ್ಸಿಲ್ಲ, ಆದರೆ ಫ್ಯಾನಿಗೆ ಯಾರೂ ದಿನಾ ಪ್ಲಗ್ಗು ಹಚ್ಚಿ ಕಿತ್ತಿಲ್ಲವಲ್ಲ.

ಇದನ್ನು ಒರೆಗೆ ಹಚ್ಚೋಕೆ ನಿಮ್ಮ ನೆರವು ಬೇಕು. ಬಳ್ಳಾರಿಯವರು ರೇಡಿಯೋಗೆ, ಫೋನಿಗೆ ಏನನ್ನುತ್ತೀರಿ? ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮರಾಠಿ ಅಷ್ಟು ಇರಲಿಲ್ಲ. ಅಲ್ಲೂ ಹಳಬರು ರೇಡಿಯೋ ಹಚ್ಚುತ್ತಿದ್ದರೆ ನನ್ನ ಊಹೆ ಬಿತ್ತು. ಬೀದರ್, ಕಲಬುರಗಿ ಕಡೆ ಹೇಗೆ? ಕರಾವಳಿಯಲ್ಲಿ? ನಿಲ್ಲಿಸುವಾಗ ಏನನ್ನುತ್ತೀರಿ ಅಂತಲೂ ಹೇಳಿ, ಅದೇ ಜಾಸ್ತಿ ಗುಟ್ಟು ಬಿಟ್ಟುಕೊಡುತ್ತದೆ. ಪುಸ್ತಕದ ಕನ್ನಡ ಬೇಡ, ಮನೆಯಲ್ಲಿ ಅಜ್ಜಿ ಅಂದದ್ದು ಸಾಕು.

ಇನ್ನೊಂದು ಚಿಕ್ಕದು. ಅಮ್ಮನಿಗೆ “ಬ್ಯಾಟರಿ ಕೊಡಿ” ಅಂದರೆ ಟಾರ್ಚು ತಂದುಕೊಟ್ಟರು. ನಮ್ಮಲ್ಲಿ ಬ್ಯಾಟರಿ ಅಂದರೆ ಟಾರ್ಚು, ಒಳಗಿರೋದು ಸೆಲ್ಲು. ಹಾಗಾದರೆ ಆ 90 ವೋಲ್ಟಿನ ದೊಡ್ಡ ಡಬ್ಬಕ್ಕೆ ಆಗ ಏನನ್ನುತ್ತಿದ್ದರು? ಅಮ್ಮನಿಗೆ ನೆನಪಿಲ್ಲ, “ಡಬ್ಬಿ ಅಂತಿದ್ವಿ ಏನೋ” ಅನ್ನುತ್ತಾರೆ. ನಿಮ್ಮ ಮನೆಯಲ್ಲಿ ಅಂಥ ಸೆಟ್ಟು ಇದ್ದಿದ್ದರೆ ಕೇಳಿ ತಿಳಿಸಿ.